ಮುದಕಪ್ಪನ ಗಂಟಲು

ಬೆಳಿಗ್ಗೆ ಎದ್ದವನೇ ಮುದಕಪ್ಪ ಮಾಡಿದ ಮೊದಲ ಕೆಲಸವೆಂದರೆ ಮಾತಾಡದೆ ಇದ್ದದ್ದು. ಹದಿನೇಳು ದಿನಗಳಿಂದ ಹೀಗೇ ನಡೆದಿತ್ತು. ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಬಾಯಿ ಮುಕ್ಕಳಿಸುವಾಗಲೂ ನೀರನ್ನು ಗಂಟಲ ತನಕ ಬಿಡದೆ ಹಲ್ಲಿನ ಹತ್ತಿರವೇ ತಿರುಗಿಸಿ ಉಗುಳುತ್ತಿದ್ದ. ಮೊದಮೊದಲು ಒಮ್ಮೆ ಮರೆತು ಗಳಗಳ ಮಾಡಿದ್ದಕ್ಕೆ ಗಂಟಲೊಳಗಿಂದ ತಂಬೂರಿ ಮೀಟಿದಂಥ ಸದ್ದೊಂದು ಎದ್ದಿತ್ತು. ಅದರ ಬೆನ್ನಿಗೆ, ಅದಕ್ಕೆ ಒಪ್ಪುವ ಹಾಗೆ, ಕೊಳಲಿನಷ್ಟು ಸಣ್ಣಗೆ ಇನ್ನೊಂದು ಸೇರಿಕೊಂಡು ಎರಡೂ ಒಟ್ಟಿಗೆ ಬಚ್ಚಲ ತುಂಬ ತಿರುಗಿದ್ದವು. ಪಕ್ಕದ ಮನೆಯ ವಿಮಲಾಬಾಯಿ ಗೋಡೆಯಾಚೆಯಿಂದ ಯಾವ ಸ್ಟೇಶನ್ನು ಹಚ್ಚಿದ್ದೀರಿ ಎಂದು ಕೇಳಿದ್ದಳು. ಮನೆಯಲ್ಲಿ ರೇಡಿಯೋ ಇರಲಿಲ್ಲ. ಹೆಂಡತಿ ಸಿದ್ದವ್ವ ಒಲೆಯ ಮುಂದಿನಿಂದ ಏಳದೆಯೇ ಧಾರವಾಡ ಎಂದು ಹೇಳಿ ಮಾನ ಉಳಿಸಿದ್ದಳು. ಅವತ್ತಿನಿಂದ ಅವನು ಕೆಮ್ಮು ಬಂದರೂ ಹಿತ್ತಲ ದಾಟಿ ಹೊಲದ ಕಡೆ ಹೋಗಿ ಕೆಮ್ಮುತ್ತಿದ್ದ.

ಆದರೆ ಕೆಲಸದಲ್ಲಿ ಬಾಯಿ ಮುಚ್ಚಿಕೊಂಡಿರುವಂತಿರಲಿಲ್ಲ. ಅವನು ಕೋರ್ಟಿನ ಪಟ್ಟೇವಾಲಾ. ಕಟ್ಟೆಯ ಮೇಲೆ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಮೂರು ಸಲ ಕೂಗುವುದು ಅವನ ಹೊಟ್ಟೆಪಾಡು. ಮೂರು ಸಲ ಕೂಗಿದಾಗ ಒಳಗೆ ಬಾರದವನನ್ನು ಗೈರುಹಾಜರು ಎಂದು ಬರೆದುಕೊಳ್ಳುತ್ತಾರೆ. ಹಾಗೆ ಬಾರದವನು ಕಟ್ಟೆಯ ಕೆಳಗೇ ನಿಂತು ಬೀಡಿ ಸೇದುತ್ತಿದ್ದರೂ ಕಾಯದೆಯ ಪ್ರಕಾರ ಬಂದಿಲ್ಲ. ಇವತ್ತಿನ ಕೇಸುಗಳ ಬೋರ್ಡಿನಲ್ಲಿ ಏಳನೆಯದು ಇಳಕಲ್ಲಿನ ಗುಲಾಬಬಿಯ ಅರ್ಜಿ. ಗಂಡ ಸತ್ತ ವರ್ಷವೇ ಮೈದುನ ಅವಳ ಮಗ್ಗದ ಕೋಣೆಗೆ ಕೀಲಿ ಹಾಕಿಕೊಂಡಿದ್ದ. ಸೀರೆ ನೇಯುತ್ತಿದ್ದ ಕುಣಿಮಗ್ಗ ಆ ಕೋಣೆಯ ನೆಲದಲ್ಲಿಯೇ ಹೂತಿತ್ತಾದ್ದರಿಂದ ಕೋಣೆ ಹೋದರೆ ಕೈಯ ಕೆಲಸವೂ ಹೋದಂತೆ. ಅವಳು ದಾವೆ ಹೂಡಿದಳು. ಮೂರು ತಿಂಗಳ ಹಿಂದೆ ಆ ದಾವೆ, ಅವಳು ತಾರೀಖಿಗೆ ಬಂದಿಲ್ಲವೆಂದು, ವಜಾ ಆಯಿತು. ಬಂದಿದ್ದೆ, ಗಿಡದ ಕೆಳಗೇ ಕೂತಿದ್ದೆ, ಕೂಗಿದ್ದು ಕೇಳಲಿಲ್ಲ, ಕೇಸನ್ನು ಮತ್ತೆ ತಗೊಳ್ಳಿರಿ ಎಂಬುದೇ ಇವತ್ತಿನ ಅರ್ಜಿ. ಇದೂ ಬಿದ್ದರೆ ಕೋಣೆ ಕೈಬಿಟ್ಟ ಹಾಗೆಯೇ. ಅವಳು ಹೇಳುವುದು ಖರೆ ಎಂದು ಈ ಭೂಮಿಯ ಮೇಲೆ ಗೊತ್ತಿದ್ದವನು ಅವಳನ್ನು ಬಿಟ್ಟರೆ ಮುದಕಪ್ಪ ಒಬ್ಬನೇ.

ಸಿದ್ದವ್ವ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಅವನ ಮುಖ ನೋಡಿದಳು. ಅವಳಿಗೆ ಇದೇನೂ ಗೊತ್ತಿರಲಿಲ್ಲ. ಗಂಡನ ಗಂಟಲಿಗೆ ಯಾವುದೋ ಪುಣ್ಯಾತ್ಮನ ಗಾಳಿ ತಾಗಿದೆ ಎಂದು ನಂಬಿ ಒಳಗೊಳಗೆ ಖುಷಿಯಾಗಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ಏ, ಇಕಾ, ಕೇಳಿಲ್ಲೆ ಎಂಬುದರಲ್ಲಿಯೇ ಇಬ್ಬರು ಹೆಣ್ಣುಮಕ್ಕಳ ಲಗ್ನ ಮುಗಿದಿದ್ದವು. ಊರವರ ಹೆಸರನ್ನೆಲ್ಲ ಹಾಡುತ್ತೀರಿ, ನನ್ನ ಹೆಸರಿಗೆ ಯಾವ ರಾಗ ಬರುತ್ತದೋ ಒಮ್ಮೆ ನೋಡೋಣ ಎಂದು ಈಚೆಗೆ ಅವಳು ಚೇಷ್ಟೆ ಮಾಡತೊಡಗಿದ್ದಳು. ಅವನು ತಲೆ ಅಡ್ಡ ಆಡಿಸಿ, ರೊಟ್ಟಿಯ ಕಡೆಯ ತುತ್ತನ್ನು ಕೈಯಲ್ಲಿ ಹಿಡಿದೇ ಎದ್ದ. ತಲೆಗೆ ರುಮಾಲು ಸುತ್ತಿ, ಎದೆಯ ಮೇಲೆ ಪಟ್ಟಿ ಅಡ್ಡ ಹಾಕಿಕೊಂಡು, ಹಿತ್ತಾಳೆಯ ಬಿಲ್ಲೆಯನ್ನು ತೋಳಿನಿಂದ ಒರೆಸಿಕೊಂಡ. ಒರೆಸುವಾಗ ತನ್ನ ಮುಖ ಅದರಲ್ಲಿ ಅಗಲವಾಗಿ ಕಾಣಿಸಿ ಅಸಹ್ಯವಾಯಿತು.

ದಾರಿಯಲ್ಲಿ ಹುನಗುಂದದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಮೊದಲಾದರೆ ಆ ಬಸ್ಸಿನ ಡ್ರೈವರನಿಗೂ ಅವನ ಕೂಗಿಗೂ ಪಂಥ. ಹಾರ್ನು ದೊಡ್ಡದೋ ಮುದಕಪ್ಪ ದೊಡ್ಡವನೋ ಎಂದು ಚಹಾದಂಗಡಿಯಲ್ಲಿ ಮಾತು ನಡೆಯುತ್ತಿತ್ತು. ಗಂಟಲೇ ಅವನಿಗೆ ನೌಕರಿ ಕೊಡಿಸಿದ್ದು. ತುಳಸಿಗೇರಿಯ ಹೊಲದಲ್ಲಿ ಅಟ್ಟದ ಮೇಲೆ ನಿಂತು ಜೋಳದ ತೆನೆಗೆ ಬರುವ ಗುಬ್ಬಿಗಳನ್ನು ಕೂಗಿ ಎಬ್ಬಿಸುತ್ತಿದ್ದವನು, ಇಪ್ಪತ್ತರ ವಯಸ್ಸಿಗೆ ಈ ಕೋರ್ಟಿಗೆ ಬಂದಾಗ ಆಗಿನ ಸಾಹೇಬರು ಅವನ ಅಕ್ಷರ ನೋಡಲಿಲ್ಲ. ಕಟ್ಟೆಯ ಮೇಲೆ ನಿಲ್ಲಿಸಿ, ಒಬ್ಬ ಕಾರಕೂನನನ್ನು ಭಾವಿಯ ಹತ್ತಿರ ಕಳಿಸಿ, ಅವನ ಹೆಸರು ಕೂಗು ಎಂದರು. ಕೂಗಿದ. ಭಾವಿಯ ಹತ್ತಿರ ಹೋಗುವ ಮೊದಲೇ ಕಾರಕೂನ ಗಾಬರಿಯಿಂದ ತಿರುಗಿ ಬಂದ. ಅಲ್ಲಿಂದ ಇಪ್ಪತ್ತೆಂಟು ವರ್ಷ ಆ ಕೂಗಿನಲ್ಲಿ ಒಂದು ಏರಿಲ್ಲ, ಒಂದು ಇಳಿವಿಲ್ಲ. ಸಾಹುಕಾರನ ಹೆಸರಿಗೂ ಕುರಿ ಕದ್ದವನ ಹೆಸರಿಗೂ ಅದೇ ಗಂಟಲು, ಅದೇ ಉಸಿರು. ಅದರ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೂ ಇತ್ತು. ನ್ಯಾಯ ಒಳಗೆ ಹೇಗಾದರೂ ಆಗಲಿ, ಕಟ್ಟೆಯ ಮೇಲೆ ಮಾತ್ರ ಎಲ್ಲರಿಗೂ ಒಂದೇ ಎಂದು ಅವನು ಸಂತೆಯಲ್ಲಿ ಸಿಕ್ಕವರಿಗೆ ಹೇಳಿಕೊಳ್ಳುತ್ತಿದ್ದ.

ಆ ಮಾತು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ. ಮೂರು ತಿಂಗಳ ಹಿಂದಿನ ಆ ದಿನ, ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಹೊಸ ಸಾಹೇಬರಿಗೆ ತಲೆನೋವಿತ್ತು. ಮುದಕಪ್ಪ ಆರನೆಯ ಕೇಸು ಕೂಗಿ ಒಳಗೆ ಬಂದಾಗ ಅವರು ಹಣೆ ಒತ್ತಿಕೊಳ್ಳುತ್ತ, ಇದೇನು ಸಂತೆಯೇನಪ್ಪ, ಸ್ವಲ್ಪ ಮೆಲ್ಲಗೆ ಕೂಗಬಾರದೇ ಎಂದರು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ಹಂಚಿನಾಳ ವಕೀಲರು ಎದ್ದು, ಇವನು ಅಟ್ಟದ ಮೇಲೆ ನಿಂತು ಹಕ್ಕಿ ಹೊಡೆದು ಬಂದವನು ಸಾಹೇಬರೇ, ನಮ್ಮನ್ನೂ ಗುಬ್ಬಿ ಎಂದು ತಿಳಿದಿದ್ದಾನೆ ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಕಕ್ಷಿದಾರರು ನಕ್ಕರು, ಕೈಕೋಳದ ಆರೋಪಿ ನಕ್ಕ. ಇಪ್ಪತ್ತು ವರ್ಷ ಒಂದೇ ಬಸಿಯಲ್ಲಿ ಚಹಾ ಹಂಚಿಕೊಂಡು ಕುಡಿದ ಶಿರಸ್ತೇದಾರರು ಫೈಲಿನ ಹಿಂದೆ ಮುಖ ಮುಚ್ಚಿಕೊಂಡು, ಹೆಗಲು ಅಲ್ಲಾಡುವ ಹಾಗೆ ನಕ್ಕರು. ಅವರ ಹೆಗಲೇ ಮುದಕಪ್ಪನನ್ನು ಹೆಚ್ಚು ನೋಯಿಸಿತು. ಹೊರಗೆ ಬಂದ. ಏಳನೆಯ ಕೇಸು. ಮೆಲ್ಲಗೆ ಬೇಕಲ್ಲವೇ, ತಗೊಳ್ಳಿ ಮೆಲ್ಲಗೆ ಎಂದುಕೊಂಡು, ತುಟಿಯ ಆಚೆ ಹೋಗದ ಹಾಗೆ, ಗುಲಾಬಬಿ ಗುಲಾಬಬಿ ಗುಲಾಬಬಿ ಎಂದ. ಲೆಕ್ಕಕ್ಕೆ ಮೂರು ಸಲ. ಅವಳು ಮೂವತ್ತು ಹೆಜ್ಜೆಯಾಚೆ ಬೇವಿನ ಗಿಡದ ಬುಡದಲ್ಲಿ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಅವಳನ್ನೇ ನೋಡುತ್ತ ಹೇಳಿದ. ಅವಳೂ ಒಂದು ಗಳಿಗೆ ಅವನನ್ನು ನೋಡಿ, ಆಮೇಲೆ ಮುಖ ತಿರುಗಿಸಿಕೊಂಡಳು. ಸೊಕ್ಕು ಎಂದುಕೊಂಡ. ಒಳಗೆ ಹೋಗಿ ಯಾರೂ ಇಲ್ಲರೀ ಎಂದ. ಬಾದಾಮಿಯಿಂದ ಬರಬೇಕಾಗಿದ್ದ ಅವಳ ವಕೀಲರು ದತ್ತಾತ್ರೇಯರಾಯರ ಬಸ್ಸು ಪಂಕ್ಚರಾಗಿ ದಾರಿಯಲ್ಲಿ ನಿಂತಿತ್ತು. ಸಾಹೇಬರು ಬರೆಸಿ ಮುಗಿಸಿದರು. ಅಷ್ಟು ಸಣ್ಣ ಕೆಲಸ ಅದು, ಒಂದು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಮೂರು ತಿಂಗಳು ಅವನು ಆ ಸೊಕ್ಕನ್ನೇ ಹಿಡಿದುಕೊಂಡು ಕಳೆದ. ನೋಡಿದಳಲ್ಲ, ನೋಡಿಯೂ ಮುಖ ತಿರುವಿದಳಲ್ಲ, ತಪ್ಪು ಅವಳದೂ ಇದೆ. ಹದಿನೇಳು ದಿನಗಳ ಹಿಂದೆ ಶಿರಸ್ತೇದಾರರು ಅವಳ ಅರ್ಜಿಯನ್ನು ಓದಿ, ಈ ಊರಿನಲ್ಲಿ ಮುದಕಪ್ಪನ ಕೂಗು ಕೇಳಲಿಲ್ಲವೆಂದು ಅಫಿಡವಿಟ್ಟು ಮಾಡಿದ ಮೊದಲ ಮನುಷ್ಯಳು ಇವಳು ನೋಡೋ ಎಂದು ಕಾಗದ ತೋರಿಸಿದರು. ಅವನು ನಕ್ಕ. ನಕ್ಕು, ಮುಂದಿನ ಕೇಸಿಗೆ ಕಟ್ಟೆಗೆ ಬಂದು ಬಾಯಿ ತೆರೆದ. ಹೆಸರು ಒಬ್ಬ ಯಮನಪ್ಪನದು, ಬದುವಿನ ತಂಟೆ. ಬಂದದ್ದು ಯಮನಪ್ಪ ಅಲ್ಲ. ಎದೆಯ ಅಡಿಯಿಂದ ಹೊರಟ ಒಂದು ಹಿರಿಯ ನಾದ ನೆಲ ಹಿಡಿದು ನಿಂತಿತು; ಅದರ ನೆತ್ತಿಯ ಮೇಲೆ ಸೀಟಿಯಂಥ ಇನ್ನೊಂದು, ತನ್ನಷ್ಟಕ್ಕೆ ಮೇಲೆ ಕೆಳಗೆ ಆಡತೊಡಗಿತು. ಒಂದೇ ಬಾಯಿ, ಎರಡು ಸ್ವರ. ಕಂಪೌಂಡಿನಲ್ಲಿದ್ದ ಎಮ್ಮೆಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿದವು. ಯಮನಪ್ಪ ಕೈಮುಗಿದುಕೊಂಡು ಓಡಿಬಂದು ಯಾರು ಹೋದರು ಎಂದು ಕೇಳಿದ.

ಅವತ್ತಿನಿಂದ ಒಂದೊಂದು ಹೆಸರಿಗೆ ಗಂಟಲು ತನಗೆ ಬೇಕಾದ ಸದ್ದನ್ನು ತಾನೇ ಆರಿಸಿಕೊಂಡಿತು. ಅವನನ್ನು ಕೇಳುತ್ತಿರಲಿಲ್ಲ. ಮೌಲಾಬಿ ಎಂಬ ಮುದುಕಿಯ ಹೆಸರು ಜೋಗುಳವಾಗಿ ಹೊರಟು, ಕಟ್ಟೆಯ ಮೇಲೆ ಕಾಯುತ್ತಿದ್ದವರೆಲ್ಲ ಗೋಡೆಗೆ ಒರಗಿದರು. ಎದುರು ಪಕ್ಷದವನು ನಿಜವಾಗಿ ನಿದ್ದೆಹೋಗಿ, ಹಾಜರಿದ್ದೂ ಗೈರುಹಾಜರಾದ. ಒಬ್ಬ ಹವಾಲ್ದಾರನ ಹೆಸರು ನಾಲಿಗೆಯ ತುದಿಯಲ್ಲಿ ತಬಲಾದ ಬೋಲುಗಳಾಗಿ ಒಡೆಯಿತು. ಅವನು ಸಾಕ್ಷಿಯ ಕಟಕಟೆಗೆ ಬರುವಾಗ ಹೆಜ್ಜೆ ತಾನಾಗಿ ತಾಳಕ್ಕೆ ಬಿದ್ದು, ಸಮಕ್ಕೆ ಬಂದು ನಿಂತು ಸೆಲ್ಯೂಟು ಹೊಡೆದ. ಅಣ್ಣತಮ್ಮಂದಿರ ಪಾಲಿನ ಕೇಸೊಂದರಲ್ಲಿ ಅಣ್ಣನ ಹೆಸರು ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವ ದನಿಯಲ್ಲಿ, ಎಳೆ ಎಳೆಯಾಗಿ, ಮೂಗಿನಿಂದ ಎದೆಗೆ ಇಳಿದು ಬಂತು. ಅಣ್ಣ ಕಟ್ಟೆ ಹತ್ತುವ ಮೊದಲೇ ತಮ್ಮನ ಕೊರಳಿಗೆ ಬಿದ್ದು ಅತ್ತ. ಅಲ್ಲಿಯೇ ರಾಜಿಯಾಯಿತು. ಆ ವಾರ ನಾಲ್ಕು ರಾಜಿಗಳಾದವು. ಮುದಕಪ್ಪನಿಗೆ ಒಂದರಿಂದಲೂ ಸಮಾಧಾನವಾಗಲಿಲ್ಲ. ಗಂಟಲು ಊರವರ ದುಃಖವನ್ನೆಲ್ಲ ಹೊರಗೆ ಹಾಕುತ್ತಿತ್ತು, ಅವನದೊಂದನ್ನು ಬಿಟ್ಟು. ದವಾಖಾನೆಗೆ ಹೋದ. ಡಾಕ್ಟರರು ಬ್ಯಾಟರಿ ಬಿಟ್ಟು ನೋಡಿ ಏನೂ ಇಲ್ಲವೆಂದರು. ಆಮೇಲೆ ಬಾಗಿಲು ಮುಂದೆ ಮಾಡಿ, ತಮ್ಮ ಹೆಸರನ್ನೊಮ್ಮೆ ಕೂಗಬಹುದೇ ಎಂದು ಕೇಳಿದರು.

ರಾಜಿಗಳಿಂದ ವಕೀಲರಿಗೆ ಕಸಿವಿಸಿಯಾಯಿತು. ಹಂಚಿನಾಳ ವಕೀಲರು ಒಂದು ತಕರಾರು ಅರ್ಜಿ ಕೊಟ್ಟರು: ತಮ್ಮ ಕಕ್ಷಿದಾರನನ್ನು ಮಸಣಕ್ಕೆ ಕರೆಯುವ ದನಿಯಲ್ಲಿಯೂ ಎದುರಾಳಿಯನ್ನು ಹಸೆಗೆ ಕರೆಯುವ ದನಿಯಲ್ಲಿಯೂ ಕೂಗಿದ್ದರಿಂದ ನ್ಯಾಯಾಲಯದ ಮನಸ್ಸು ವಿಚಾರಣೆಗೆ ಮುಂಚೆಯೇ ಕದಡಿದೆ, ಆದ್ದರಿಂದ ಯಾವ ರಸವೂ ಇಲ್ಲದೆ ಕೂಗುವಂತೆ ಹುಕುಂ ಆಗಬೇಕು. ಸಾಹೇಬರು ಗಂಭೀರವಾಗಿ ಓದಿದರು. ಶಿರಸ್ತೇದಾರರು ಎರಡು ದಿನ ನಿಯಮದ ಪುಸ್ತಕ ಹುಡುಕಿದರು. ಎಷ್ಟು ಸಲ ಕೂಗಬೇಕು, ಎಲ್ಲಿ ನಿಂತು ಕೂಗಬೇಕು ಎಂಬುದಿತ್ತು. ಯಾವ ಸ್ವರದಲ್ಲಿ ಎಂಬುದಿರಲಿಲ್ಲ. ಮೇಲಿನ ಕೋರ್ಟಿಗೆ ಬರೆದು ಕೇಳಿದರೆ, ಸ್ವರದ ಬಗ್ಗೆ ಪ್ರತ್ಯೇಕ ಸುತ್ತೋಲೆ ಇರುವುದಿಲ್ಲ, ಹಿಂದಿನಿಂದ ನಡೆದುಬಂದಂತೆ ನಡೆಸುವುದು ಎಂದು ಉತ್ತರ ಬಂತು. ಕಡೆಗೆ ನಾಟಕದ ಕಂಪನಿ ಮುರಿದು ಊರಲ್ಲೇ ಉಳಿದಿದ್ದ ಈರಪ್ಪ ಮಾಸ್ತರನನ್ನು ಹಾರ್ಮೋನಿಯಂ ಪೆಟ್ಟಿಗೆಯ ಸಮೇತ ಕರೆಸಿದರು. ಈರಪ್ಪ ಸಾಹೇಬರ ಕೋಣೆಯಲ್ಲಿ ಜಮಖಾನೆಯ ಮೇಲೆ ಕೂತು, ಭಾತೆ ಒತ್ತಿ, ಕರೀ ಒಂದರ ಮನೆಯಲ್ಲಿ ಷಡ್ಜ ಹಿಡಿದು, ಹೂಂ ಅನ್ನು ಎಂದ. ಮುದಕಪ್ಪ ಅಂದ. ಷಡ್ಜ ಬಂತು, ಅದರ ಮೇಲೆ ಪಂಚಮ ಬಂತು, ಅದಕ್ಕೂ ಮೇಲೆ ಎಲ್ಲಿಯೋ ಸೂಜಿಯ ಮೊನೆಯಷ್ಟು ಸಣ್ಣದೊಂದು ಬಂತು. ಈರಪ್ಪ ಪೆಟ್ಟಿಗೆ ನಿಲ್ಲಿಸಿ, ಮೇಲಿನ ಹಲಗೆ ಬಿಚ್ಚಿ, ಯಾವ ಸುರಪಟ್ಟಿ ಸಡಿಲಾಗಿದೆ ಎಂದು ಹುಡುಕಿದ. ಆಮೇಲೆ ಮುದಕಪ್ಪನ ಕಾಲು ಮುಟ್ಟಲು ಬಂದ. ಮುದಕಪ್ಪ ಹಿಂದೆ ಸರಿದು ಕುರ್ಚಿಗೆ ತಾಗಿ ಬಿದ್ದ. ಈರಪ್ಪ ಬರೆದುಕೊಟ್ಟ ದಾಖಲೆಯಲ್ಲಿ ಒಂದೇ ಸಾಲಿತ್ತು: ಸದರಿಯವನ ಕಂಠದಲ್ಲಿ ದೋಷವಿಲ್ಲ, ಇರಬೇಕಾದುದಕ್ಕಿಂತ ಹೆಚ್ಚು ಆರೋಗ್ಯವಿದೆ.

ಈ ಕಾಗದಕ್ಕೆ ಶಿಕ್ಕೆ ಬಿದ್ದು ಫೈಲಿಗೆ ಸೇರಿತು. ಹಾಗೆ ನೋಡಿದರೆ ಅವನ ಗಂಟಲು ಈಗ ಸರಕಾರದ ದಾಖಲೆ.

ಇವತ್ತು ಕೋರ್ಟಿನ ಕಂಪೌಂಡಿನಲ್ಲಿ ಸಂತೆಯ ಜನ ಸೇರಿತ್ತು. ತಾರೀಖು ಇದ್ದವರಿಗಿಂತ ಇಲ್ಲದವರೇ ಹೆಚ್ಚು. ಚುರಮುರಿ ಮಾರುವವನೊಬ್ಬ ಬಂದಿದ್ದ. ಯಾರೋ ಮದುವೆಯ ಹುಡುಗನನ್ನು ಕರೆತಂದು, ಅವನ ಹೆಸರನ್ನು ಬೋರ್ಡಿನಲ್ಲಿ ಹೇಗಾದರೂ ಸೇರಿಸಲು ಆಗುತ್ತದೆಯೇ ಎಂದು ಕಾರಕೂನನನ್ನು ಕೇಳುತ್ತಿದ್ದರು. ಮುದಕಪ್ಪ ಯಾರ ಕಡೆಗೂ ನೋಡದೆ ಕಟ್ಟೆ ಹತ್ತಿದ. ಒಂದರಿಂದ ಆರರ ತನಕ ಗಂಟಲು ಮಂದಿಯನ್ನು ನಿರಾಸೆಗೊಳಿಸಲಿಲ್ಲ. ಮೂರನೆಯದು ದೂರದ ಗುಡ್ಡದಿಂದ ಗುಡ್ಡಕ್ಕೆ ಕುರುಬರು ಕರೆಯುವ ಹಾಗೆ ದನಿ ಮುರಿದು ಮುರಿದು ಹಾರಿತು, ಐದನೆಯದು ಬಾಯಿ ಮುಚ್ಚಿಕೊಂಡೇ ಮೂಗಿನಲ್ಲಿ ದುಂಬಿಯಾಯಿತು. ಜನ ವಾಹ್ ಎಂದರು. ಅವನಿಗೆ ಬೆವರು ಇಳಿಯುತ್ತಿತ್ತು. ಏಳನೆಯದಕ್ಕೆ ಏನು ಬರುತ್ತದೋ ಎಂಬುದೇ ಹೆದರಿಕೆ. ಗಂಟಲಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಮೂರು ತಿಂಗಳಿಂದ ನುಂಗಿದ್ದನ್ನೆಲ್ಲ ಅದು ಈ ಒಂದು ಹೆಸರಿನಲ್ಲಿ ಹೊರಗೆಡವಿ ಊರ ಮುಂದೆ ಬತ್ತಲೆ ಮಾಡುತ್ತದೆ ಎಂದುಕೊಂಡ. ಕಣ್ಣು ಮುಚ್ಚಿ ಗುಲಾಬಬಿ ಎಂದ. ಬಂದದ್ದು ಬರಿಯ ಗುಲಾಬಬಿ. ಇಪ್ಪತ್ತೆಂಟು ವರ್ಷದ ಅದೇ ಒಣ ಕೂಗು, ಏರಿಲ್ಲ, ಇಳಿವಿಲ್ಲ. ಎರಡನೆಯದಕ್ಕೇ ಅವಳು ಎದ್ದು ಸೆರಗು ಸರಿಮಾಡಿಕೊಂಡು ಬಂದಳು. ಇವತ್ತು ಇಷ್ಟೇ ಕಾಣುತ್ತದೆ ಎಂದು ಗೊಣಗುತ್ತ ಜನ ಚದುರತೊಡಗಿದರು. ಅವನಿಗೆ ಬದುಕಿದೆ ಎನ್ನಿಸಿತು, ಆಮೇಲೆ ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು.

ಒಳಗೆ ದತ್ತಾತ್ರೇಯರಾಯರು ತಮ್ಮ ಕಕ್ಷಿದಾರಳು ಅವತ್ತು ಬೆಳಿಗ್ಗೆ ಎಂಟರಿಂದ ಬೇವಿನ ಗಿಡದ ಕೆಳಗಿದ್ದಳು, ಕೂಗಿದ್ದು ಕೇಳಿಸಲಿಲ್ಲ ಎಂದು ಹೇಳಿ ಕೂತರು. ಅವರು ಹೆಚ್ಚು ಮಾತಿನವರಲ್ಲ. ಮೈದುನನ ಪರವಾಗಿ ಹಂಚಿನಾಳ ವಕೀಲರು ಎದ್ದು ನಿಂತು, ಗೌನು ಹಿಂದಕ್ಕೆ ತಳ್ಳಿ, ಮುದಕಪ್ಪನ ಕಡೆ ಪ್ರೀತಿಯಿಂದ ನೋಡಿದರು. ಈ ಮನುಷ್ಯನ ಕಂಠದ ಬಗ್ಗೆ ತಾವೇ ತಕರಾರು ಮಾಡಿದ್ದುಂಟು, ಈಗ ತಮ್ಮ ಅಜ್ಞಾನಕ್ಕೆ ಕ್ಷಮೆ ಕೇಳುವುದಾಗಿ ಹೇಳಿದರು. ಈ ಕಂಠಕ್ಕೆ ಎಮ್ಮೆಗಳು ತಲೆ ಎತ್ತಿವೆ, ಕೂಸುಗಳು ಮಲಗಿವೆ, ವೈರಿಗಳು ಅಪ್ಪಿಕೊಂಡಿದ್ದಾರೆ. ಇಂಥ ಕಂಠ ಮೂವತ್ತು ಹೆಜ್ಜೆಯಲ್ಲಿದ್ದ ಹೆಣ್ಣುಮಗಳಿಗೆ, ಅದೂ ಮೂರು ಸಲ ಕೂಗಿದಾಗ, ಕೇಳಿಸಲಿಲ್ಲವೆಂದರೆ ನಂಬುವ ಮಾತೇ. ಈರಪ್ಪ ಮಾಸ್ತರನ ದಾಖಲೆ ಫೈಲಿನಲ್ಲಿದೆ, ಸಾಹೇಬರು ನೋಡಬೇಕು. ಸಾಹೇಬರು ನೋಡಿದರು, ತಲೆಯಾಡಿಸಿದರು. ಗುಲಾಬಬಿ ಕಟಕಟೆಯ ಹತ್ತಿರ ನಿಂತು ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡುತ್ತಿದ್ದಳು. ಅವಳ ಬಲಗೈಯ ಬೆರಳು ಖಾಲಿ ಗಾಳಿಯಲ್ಲಿ ಎಳೆ ಜೋಡಿಸುವ ಹಾಗೆ ಆಡುತ್ತಿತ್ತು. ಕೆಲಸವಿಲ್ಲದ ಕೈ ಎಂದುಕೊಂಡ ಮುದಕಪ್ಪ. ತನ್ನ ಗಂಟಲಿನ ಹೊಗಳಿಕೆಯೆಲ್ಲ ಒಂದೊಂದಾಗಿ ಹೋಗಿ ಅವಳ ಕೋಣೆಯ ಬಾಗಿಲಿಗೆ ಇನ್ನೊಂದು ಕೀಲಿ ಹಾಕುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಕೂಗಿದ್ದು ಸುಳ್ಳಲ್ಲವಲ್ಲ ಎಂದು ಒಳಗಿನಿಂದ ಯಾವುದೋ ಒಂದು ಧ್ವನಿ ಹೇಳಿತು. ಅದಕ್ಕೆ ಮಾತ್ರ ಯಾವ ರಾಗವೂ ಇರಲಿಲ್ಲ.

ಸಾಹೇಬರಿಗೆ ಇವತ್ತು ತಲೆನೋವಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು, ಇದರಲ್ಲಿ ವಾದವೇಕೆ, ಪರೀಕ್ಷೆ ಮಾಡಿಯೇ ನೋಡೋಣ ಎಂದರು. ಅರ್ಜಿದಾರಳು ಅಂದು ಕೂತಲ್ಲಿಯೇ ಹೋಗಿ ಕೂರಲಿ, ಇವನು ಅಂದು ನಿಂತಲ್ಲಿಯೇ ನಿಂತು, ಅಂದು ಕೂಗಿದ ಹಾಗೆಯೇ ಕೂಗಲಿ. ಕೇಳಿಸಿತೋ ಇಲ್ಲವೋ ಎಂಬುದು ನಮಗೂ ತಿಳಿಯುತ್ತದೆ. ಸಾಹೇಬರ ಕುರ್ಚಿಯನ್ನು ಕಟ್ಟೆಗೆ ತಂದರು. ವಕೀಲರು, ಕಾರಕೂನರು ಸುತ್ತ ನಿಂತರು. ಚದುರಿದ್ದ ಜನ ಮತ್ತೆ ಸೇರಿತು, ಚುರಮುರಿಯವನು ಬುಟ್ಟಿ ಇಳಿಸಿದ. ಗುಲಾಬಬಿ ಹೋಗಿ ಬೇವಿನ ಬುಡದಲ್ಲಿ ಕೂತು, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಹಾಗೆ ಇಡು ಎಂದು ಯಾರೂ ಹೇಳಿರಲಿಲ್ಲ.

ಮುದಕಪ್ಪ ಕಂಬದ ಪಕ್ಕ ನಿಂತ. ಗಂಟಲಿಗೆ ಜನ ಕಂಡು ಉಮೇದು ಬಂದಿತ್ತು. ಅಡಿಯಲ್ಲಿ ಹಿರಿಯ ನಾದ ಗುಂಯ್ ಎಂದು ತಯಾರಾಯಿತು, ಅದರ ಮೇಲೆ ಸೀಟಿ ಬಂದು ಕೂತಿತು, ಅಳುವ ಹೆಂಗಸರ ದನಿ ಮೂಗಿನ ಬುಡಕ್ಕೆ ಬಂದು ನಿಂತಿತು. ಜೋಗುಳ, ಕುರುಬರ ಕೂಗು, ತಬಲಾ ಎಲ್ಲ ಒಂದರ ಹಿಂದೊಂದು ಬಾಗಿಲಿಗೆ ಬಂದವು. ಬಾಯಿ ತೆರೆದರೆ ಸಾಕು. ತೆರೆದರೆ ಊರೇ ಅಳುತ್ತದೆ, ಹಂಚಿನಾಳ ವಕೀಲರೂ ಅಳುತ್ತಾರೆ, ಸಾಹೇಬರು ಕಣ್ಣೊರೆಸಿಕೊಂಡು ಅರ್ಜಿ ವಜಾ ಮಾಡುತ್ತಾರೆ. ಅವನ ನೌಕರಿ ಉಳಿಯುತ್ತದೆ. ಇನ್ನು ಎರಡು ವರ್ಷಕ್ಕೆ ಮೂವತ್ತು ವರ್ಷದ ನೌಕರಿ ತುಂಬಿ ಪೆನ್ಶನ್ನು. ಅವನು ಒಂದೊಂದನ್ನೇ ನುಂಗಿದ. ಗುಬ್ಬಿ ಎಬ್ಬಿಸುತ್ತಿದ್ದ ಕೂಗನ್ನೂ ನುಂಗಿದ. ಅದು ಇಳಿಯುವಾಗ ಕಣ್ಣಿನಲ್ಲಿ ನೀರು ಬಂತು. ಅವಳನ್ನೇ ನೋಡುತ್ತ, ತುಟಿಯ ಆಚೆ ಹೋಗದ ಹಾಗೆ, ಗುಲಾಬಬಿ ಎಂದ. ಎರಡನೆಯ ಸಲ ಎಂದ. ಮೂರನೆಯ ಸಲ ಎಂದು, ಬಾಯಿ ಮುಚ್ಚಿ, ಕೈಕಟ್ಟಿಕೊಂಡು ನಿಂತ.

ಜನ ಕಾದರು. ಯಾರೋ ಒಬ್ಬರು ಸುಮ್ಮನಿರ್ರಿ ಎಂದು ಪಕ್ಕದವನನ್ನು ಗದರಿಸಿದರು. ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

“ಹೂಂ, ಕೂಗಪ್ಪ.”

“ಕೂಗಿದ್ನಿರಿ ಸಾಹೇಬ್ರ. ಮೂರೂ ಆದವ್ರಿ.”

ಶಿರಸ್ತೇದಾರರು ಕೈಯಲ್ಲಿದ್ದ ಕಾಗದವನ್ನು ಮಡಿಚಿದರು. ಹಂಚಿನಾಳ ವಕೀಲರು ತಮಗೆ ಏನೂ ಕೇಳಿಸಲಿಲ್ಲವಲ್ಲ ಎಂದರು, ಎರಡು ಮಾರು ದೂರ ನಿಂತಿದ್ದ ತಮಗೇ ಕೇಳಿಸಲಿಲ್ಲ ಎಂದು ಸಿಟ್ಟಿನಲ್ಲಿ ಇನ್ನೊಮ್ಮೆ ಹೇಳಿದರು. ಹೇಳಿದ ಮೇಲೆ ತಾವು ಹೇಳಿದ್ದೇನು ಎಂದು ಅವರಿಗೆ ಹೊಳೆಯಿತು.

“ಅವತ್ತೂ ಯಾರಿಗೂ ಕೇಳಸಲಿಲ್ರಿ,” ಎಂದ ಮುದಕಪ್ಪ.

ಯಾಕೆ ಎಂದು ಸಾಹೇಬರು ಕೇಳಿದರು. ಉತ್ತರ ಮೂರು ತಿಂಗಳಿಂದ ನಾಲಿಗೆಯ ತುದಿಯಲ್ಲಿ ತಿಕ್ಕಿ ತಿಕ್ಕಿ ಹೊಳಪಾಗಿತ್ತು: ತಾವೇ ಮೆಲ್ಲಗೆ ಅಂದಿದ್ದಿರಿ. ಅದು ಖರೆ ಮಾತು. ಎಲ್ಲರೂ ಕೇಳಿದ ಮಾತು. ಅದನ್ನು ಹೇಳಿದರೆ ಸಾಹೇಬರು ತಲೆ ತಗ್ಗಿಸಬೇಕಾಗುತ್ತಿತ್ತು, ಆ ನೋಟ ನೋಡುವ ಆಸೆಯೂ ಅವನಿಗೆ ಇತ್ತು.

“ಮಂದಿ ನಕ್ಕಿತ್ರಿ. ನನಗ ಸಿಟ್ಟು ಬಂದಿತ್ತು,” ಎಂದ. “ಆಕಿ ಮ್ಯಾಲಲ್ರಿ,” ಎಂದು ಸೇರಿಸಿದ.

ದನಿ ಒಡೆದಿತ್ತು, ಗೊಗ್ಗರಾಗಿತ್ತು, ಅದರಲ್ಲಿ ಒಂದು ಸ್ವರವೂ ನೆಟ್ಟಗಿರಲಿಲ್ಲ. ಗುಂಪಿನ ಅಂಚಿನಲ್ಲಿದ್ದ ಈರಪ್ಪ ಮಾಸ್ತರ ಕಿವಿಗೆ ಅಡ್ಡ ಹಿಡಿದಿದ್ದ ಕೈ ಕೆಳಗಿಳಿಸಿದ. ಸಾಹೇಬರು ಎದ್ದು ಒಳಗೆ ಹೋಗಿ, ಕೂತು, ಎರಡು ಕಾಗದ ಬರೆಸಿದರು. ಒಂದರಲ್ಲಿ ದಾವೆಯನ್ನು ಮತ್ತೆ ಬೋರ್ಡಿಗೆ ತಗೊಳ್ಳಲಾಗಿತ್ತು. ಇನ್ನೊಂದು ಮುದಕಪ್ಪನಿಗೆ, ನಿನ್ನ ಮೇಲೆ ಕ್ರಮ ಏಕೆ ತಗೊಳ್ಳಬಾರದು ಎಂದು ಎಂಟು ದಿನದಲ್ಲಿ ತಿಳಿಸುವಂತೆ. ಶಿರಸ್ತೇದಾರರು ಅದನ್ನು ಅವನ ಕೈಗೆ ಕೊಡುವಾಗ ಮುಖ ನೋಡಲಿಲ್ಲ. ಜನ ಕರಗಿತು. ಮದುವೆಯ ಹುಡುಗನನ್ನು ಕರೆತಂದವರು ಸಿಟ್ಟಾಗಿ ಬಾಗಲಕೋಟೆಯ ಬಸ್ಸು ಹಿಡಿಯಲು ಹೋದರು.

ಗುಲಾಬಬಿ ಇನ್ನೂ ಗಿಡದ ಬುಡದಲ್ಲಿಯೇ ಇದ್ದಳು. ಕೂಗುತ್ತಾರೆ, ಆಗ ಏಳಬೇಕು ಎಂದು ಅವಳಿಗೆ ಹೇಳಿ ಕೂರಿಸಿದ್ದರು. ಕೂಗು ಕೇಳಿಸಿರಲಿಲ್ಲ, ಆದ್ದರಿಂದ ಎದ್ದಿರಲಿಲ್ಲ. ಅವಳನ್ನು ಎಲ್ಲರೂ ಮರೆತಿದ್ದರು. ಮುದಕಪ್ಪ ಕಟ್ಟೆಯಿಂದಲೇ ಕರೆಯಬಹುದಿತ್ತು. ಮೆಟ್ಟಿಲಿಳಿದು, ಮೂವತ್ತು ಹೆಜ್ಜೆ ನಡೆದು, ಅವಳ ಮುಂದೆ ನಿಂತ. ಇಷ್ಟು ಹತ್ತಿರದಿಂದ ಅವಳನ್ನು ಅವನು ನೋಡಿರಲಿಲ್ಲ. ತಾನು ಎಣಿಸಿದ್ದಕ್ಕಿಂತ ಅವಳಿಗೆ ವಯಸ್ಸಾಗಿತ್ತು. ಕೇಸು ಮತ್ತೆ ತಗೊಂಡರೆಂದು, ಒಳಗೆ ಹೋಗಿ ಮುಂದಿನ ತಾರೀಖು ಕೇಳಿಕೊಳ್ಳಬೇಕೆಂದು ಹೇಳಿದ. ಅವಳು ಎರಡೂ ಕೈಯಿಂದ ಮುಖ ಒರೆಸಿಕೊಂಡಳು, ದೇವರನ್ನು ನೆನೆದಳು. ಆಮೇಲೆ ಅವನು ತಪ್ಪಾಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು. ತಪ್ಪು ತನ್ನದು ಎಂಬ ದನಿಯಲ್ಲಿ, ಮೆಲ್ಲಗೆ.

“ಅವತ್ತ ನಾ ನಿಮ್ಮನ್ನ ನೋಡಿದ್ನಿರಿ ಅಣ್ಣಾರ. ನೀವು ಈ ಕಡೇನ ನೋಡಕೋತ ತುಟಿ ಅಳ್ಳಾಡಸಾಕ ಹತ್ತಿದ್ರಿ. ಜಪಾ ಮಾಡಾಕ ಹತ್ತ್ಯಾರ, ನಡುವ ದಿಟ್ಟಿಸಿ ನೋಡಬಾರದು ಅಂತ ನಾ ಮಾರಿ ಆ ಕಡಿ ತಿರುವಿ ಕುಂತ್ನಿ.”

ಗಂಟನ್ನು ಎತ್ತಿಕೊಂಡು ಅವಳು ಕೋರ್ಟಿನ ಕಡೆ ನಡೆದಳು. ಅವಳು ಎದ್ದುಹೋದ ಜಾಗದಲ್ಲಿ, ಬೇವಿನ ಬುಡದಲ್ಲಿ ಮುದಕಪ್ಪ ಕೂತುಬಿಟ್ಟ. ಎಂಟನೆಯ ಕೇಸಿಗೆ ಹೊತ್ತಾಗಿತ್ತು. ಶಿರಸ್ತೇದಾರರು ಕಟ್ಟೆಗೆ ಬಂದು ತಮ್ಮ ಕೀರಲು ದನಿಯಲ್ಲಿ ಅವನ ಹೆಸರನ್ನು ಕರೆಯತೊಡಗಿದರು. ಒಮ್ಮೆ ಕರೆದರು, ಎರಡನೆಯ ಸಲ ಕರೆದರು. ಇಲ್ಲಿಗೆ ಚೆನ್ನಾಗಿ ಕೇಳಿಸುತ್ತಿತ್ತು.